ಡೀಲರ್ ಟೂರಿಗೆ ಮಗ ಹೊರಟಾನೇನ್ರಿ? ಬ್ಯಾಂಕಾಕ್ ವಿಮಾನ ಹತ್ತೂಕಿಂತ ಮೊದಲು ಮನೆಯಲ್ಲೇ ಮುಗಿಸಬೇಕಾದ ಮಾತು

ಸಿಂದಗಿ: ಗೊಬ್ಬರ, ಬೀಜ, ಸಿಮೆಂಟ್, ಪೇಂಟ್, ಮೋಟಾರ್ ಪಂಪ್ ಮಾರುವ ಅಂಗಡಿಗಳಲ್ಲಿ ಸೀಸನ್ ಮುಗಿಯುವ ಹೊತ್ತಿಗೆ ಒಂದು ಮಾತು ಇದ್ದೇ ಇರುತ್ತದೆ. ‘ಟಾರ್ಗೆಟ್ ಮುಟ್ಟಿತು, ಕಂಪನಿಯವರು ಬ್ಯಾಂಕಾಕ್ ಟೂರ್ ಕೊಟ್ಟಾರ.’ ಟಾರ್ಗೆಟ್ ಮುಟ್ಟಿಸಿದವರು ಅಪ್ಪ. ಆದರೆ ಅಂಗಡಿ ಬಾಗಿಲು ಹಾಕಿ ಐದು ದಿನ ಹೋಗಲು ಅಪ್ಪನಿಗೆ ಆಗುವುದಿಲ್ಲ, ಮೊಣಕಾಲು ನೋವೂ ಇರುತ್ತದೆ. ‘ನೀನs ಹೋಗಿ ಬಾ ತಮ್ಮಾ’ ಎಂದು ಡಿಗ್ರಿ ಮುಗಿಸಿ ಗಲ್ಲೆ ಮೇಲೆ ಕುಳಿತ ಮಗನನ್ನು ಕಳಿಸುತ್ತಾರೆ. ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಮೊದಲ ಪಾಸ್‌ಪೋರ್ಟ್, ಮೊದಲ ವಿಮಾನ, ಮೊದಲ ಸಮುದ್ರ.

ಟೂರ್ ಇಲ್ಲದೆ ಗೆಳೆಯರು ಸೇರಿಯೂ ಹೋಗುತ್ತಾರೆ. ಥಾಯ್ಲೆಂಡ್, ಶ್ರೀಲಂಕಾ, ವಿಯೆಟ್ನಾಂ, ಬಾಲಿ ಈಗ ಎಲ್ಲರ ಮೊಬೈಲಿನಲ್ಲಿವೆ. ಹೋಗಲಿ, ನೋಡಲಿ. ಆದರೆ ಅಲ್ಲಿ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಗೊತ್ತಿಲ್ಲದ ಸಂಗತಿಗಳಿಂದಲ್ಲ. ಊರಿನಲ್ಲಿ ದಿನಾ ಮಾಡುವ, ಇಲ್ಲಿ ಯಾರೂ ಕೇಳದ ಕೆಲಸಗಳಿಂದ. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸುವುದು, ಬಾವಿಗೆ ಜಿಗಿದಂತೆ ನೀರಿಗೆ ಜಿಗಿಯುವುದು, ಪರಿಚಯದವರು ಕೊಟ್ಟ ಚೀಲ ಹಿಡಿದುಕೊಂಡು ಬರುವುದು.

ಹೆಸರಿನಲ್ಲೇ ಮೊದಲ ತೊಡಕು

ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವುದು passportindia ಹೆಸರಿನ ಸರ್ಕಾರಿ ಜಾಲತಾಣದಲ್ಲಿ ಮಾತ್ರ ಎಂಬುದನ್ನು ಸೈಬರ್ ಸೆಂಟರಿನವರಿಗೂ ಒತ್ತಿ ಹೇಳಬೇಕು. ಅದೇ ರೀತಿ ಕಾಣುವ ನಕಲಿ ತಾಣಗಳು ಹೆಚ್ಚು ದುಡ್ಡು ಕಿತ್ತು ಕೈಬಿಡುತ್ತವೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಸರ್ಕಾರಿ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ಸೇರುತ್ತದೆ. ದಾಖಲೆ ತೋರಿಸಲು ವಿಜಯಪುರದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ನೋಡಬಹುದು. ಆಮೇಲೆ ಊರಿನ ಠಾಣೆಯಿಂದ ಪೊಲೀಸ್ ಪರಿಶೀಲನೆ.

ನಮ್ಮ ಕಡೆ ತೊಡಕಾಗುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಒಂದೇ ಅಕ್ಷರ. ಪ್ಯಾನ್ ಕಾರ್ಡ್‌ನಲ್ಲಿ ಅಡ್ಡಹೆಸರೇ ಮೊದಲು. ಇಂಗ್ಲಿಷ್ ಕಾಗುಣಿತವಂತೂ ಮೂರು ಕಡೆ ಮೂರು ಥರ. ಅರ್ಜಿ ಹಾಕುವ ಮೊದಲೇ ಇವನ್ನು ಒಂದು ಮಾಡಿಕೊಳ್ಳಬೇಕು. ಕಂಪನಿಯವರು ಟಿಕೆಟ್ ಮಾಡಿಸಲು ಹೆಸರು ಕೇಳಿದಾಗ ವಾಟ್ಸಾಪ್‌ನಲ್ಲಿ ಕರೆಯುವ ಹೆಸರು ಟೈಪ್ ಮಾಡಿ ಕಳಿಸಬಾರದು. ಪಾಸ್‌ಪೋರ್ಟ್‌ನ ಮೊದಲ ಪುಟದ ಫೋಟೊ ಕಳಿಸಬೇಕು. ಟಿಕೆಟ್‌ನ ಹೆಸರು ಪಾಸ್‌ಪೋರ್ಟ್‌ಗೆ ತಾಳೆಯಾಗದಿದ್ದರೆ ವಿಮಾನ ನಿಲ್ದಾಣದ ಕೌಂಟರಿನಲ್ಲೇ ಪ್ರವಾಸ ಮುಗಿಯುತ್ತದೆ. ಇನ್ನೊಂದು, ಹಳೆಯ ಪಾಸ್‌ಪೋರ್ಟ್ ಇದ್ದವರು ಅವಧಿ ನೋಡಿಕೊಳ್ಳಬೇಕು. ಹೋಗುವ ದಿನದಿಂದ ಕನಿಷ್ಠ ಆರು ತಿಂಗಳಾದರೂ ಬಾಕಿ ಇರಬೇಕೆಂದು ಈ ಭಾಗದ ಬಹುತೇಕ ದೇಶಗಳು ಕೇಳುತ್ತವೆ.

ಅಂಗಡಿ ಮಾಲೀಕರಿಗೆ ಒಂದು ಮಾತು. ‘ಫ್ರೀ ಟೂರ್’ ಎನ್ನುವುದು ತೆರಿಗೆ ಇಲಾಖೆಯ ಲೆಕ್ಕದಲ್ಲಿ ಫ್ರೀ ಅಲ್ಲ. 2022ರ ಜುಲೈನಿಂದ, ಕಂಪನಿ ಡೀಲರ್‌ಗೆ ಕೊಡುವ ಇಂಥ ಸವಲತ್ತಿನ ಬೆಲೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ ಕಟ್ಟಲೇಬೇಕು. ಮಗ ಹೋದರೂ ಅದು ಅಪ್ಪನ ಅಂಗಡಿಯ ಪ್ಯಾನ್ ಲೆಕ್ಕಕ್ಕೆ ಬರುವುದೇ ಹೆಚ್ಚು. ರಿಟರ್ನ್ ಸಲ್ಲಿಸುವಾಗ ಲೆಕ್ಕ ಬರೆಯುವವರಿಗೆ ಟೂರಿನ ವಿಷಯ ಹೇಳದಿದ್ದರೆ ಮುಂದೆ ನೋಟಿಸ್ ಬಂದಾಗ ಗಾಬರಿಯಾಗುತ್ತದೆ.

ವೀಸಾ ಇಲ್ಲ ಅಂದರೆ ಕಾಗದ ಇಲ್ಲ ಅಂತಲ್ಲ

ಥಾಯ್ಲೆಂಡ್ 2024ರ ಜುಲೈನಿಂದ ಭಾರತೀಯ ಪ್ರವಾಸಿಗರಿಗೆ 60 ದಿನದವರೆಗೆ ವೀಸಾ ಇಲ್ಲದೆ ಬರಲು ಬಿಟ್ಟಿತು. ಇಂಥ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರ ಆ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡುವುದು ಕ್ಷೇಮ. ಹೋದ ವರ್ಷ ಹೋಗಿ ಬಂದ ಗೆಳೆಯನ ಮಾತು ಸಾಲದು. 2025ರ ಮೇ 1ರಿಂದ ಅಲ್ಲಿಗೆ ಹೋಗುವ ಪ್ರತಿಯೊಬ್ಬ ವಿದೇಶಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಲೇಬೇಕು. ಇಳಿಯುವ ಮೊದಲಿನ ಮೂರು ದಿನದೊಳಗೆ ತುಂಬುವ ಈ ಫಾರ್ಮಿಗೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳಿದ ತಾಣ ನಕಲಿ ಎಂದೇ ತಿಳಿಯಬೇಕು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ಹಣ ಇದೆಯೇ ಎಂದು ಅಲ್ಲಿನ ಅಧಿಕಾರಿ ಕೇಳಬಹುದು. ಹಾಗಾಗಿ ಇವುಗಳ ಪ್ರಿಂಟ್ ಕೈಯಲ್ಲಿರಲಿ. ಮೊಬೈಲ್ ಚಾರ್ಜ್ ಮುಗಿದಿತ್ತು ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ವಿಯೆಟ್ನಾಂಗೆ ಮೊದಲೇ ಇ-ವೀಸಾ ಬೇಕು. ಶ್ರೀಲಂಕಾಕ್ಕೆ ಆನ್‌ಲೈನ್ ಪ್ರವಾಸ ಅನುಮತಿ ಪಡೆಯಬೇಕು.

ಹಣದ ವಿಷಯ. ಫೋನ್‌ಪೇ, ಗೂಗಲ್‌ಪೇ ರೂಢಿಯಾದ ಹುಡುಗರ ಕಿಸೆಯಲ್ಲಿ ಈಗ ನೋಟೇ ಇರುವುದಿಲ್ಲ. ಯುಪಿಐ ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ 2024ರ ಫೆಬ್ರುವರಿಯಲ್ಲಿ ಆರಂಭವಾಗಿದೆ. ಅಲ್ಲಿಯೂ ಎಲ್ಲ ಅಂಗಡಿಯಲ್ಲಿ ಸಿಗುತ್ತದೆಂದಲ್ಲ. ಥಾಯ್ಲೆಂಡಿಗೆ ಅದನ್ನೇ ನಂಬಿ ಹೋಗಬಾರದು. ಸ್ವಲ್ಪ ವಿದೇಶಿ ನೋಟು, ಒಂದು ಫಾರೆಕ್ಸ್ ಕಾರ್ಡ್, ವಿದೇಶಿ ಬಳಕೆಗೆ ತೆರೆದಿಟ್ಟ ಒಂದು ಬ್ಯಾಂಕ್ ಕಾರ್ಡ್ ಇದ್ದರೆ ಸಾಕು. ನೋಟು ಬದಲಿಸುವುದನ್ನು ಬ್ಯಾಂಕ್ ಅಥವಾ ಪರವಾನಗಿ ಇರುವ ವಿನಿಮಯದವರಲ್ಲೇ ಮಾಡಿ ರಸೀದಿ ಇಟ್ಟುಕೊಳ್ಳಬೇಕು. ಭಾರತದ ರೂಪಾಯಿ ನೋಟುಗಳನ್ನು 25,000ಕ್ಕಿಂತ ಹೆಚ್ಚು ಒಯ್ಯುವಂತಿಲ್ಲ.

42 ಡಿಗ್ರಿ ಕಂಡವರಿಗೆ 34 ಡಿಗ್ರಿ ಯಾಕೆ ಸುಸ್ತು ಮಾಡುತ್ತದೆ

‘ನಾವು ಸಿಂದಗಿ ಬಿಸಿಲಾಗ ಬೆಳದವ್ರು, ನಮಗ ಬಿಸಿಲಿನ ಸುದ್ದಿ ಹೇಳ್ತೀರೇನು’ ಎಂದು ಯಾರಾದರೂ ಕೇಳಬಹುದು. ಭೂಗೋಳದ ಲೆಕ್ಕದಲ್ಲಿ ಸಿಂದಗಿಯೂ ಉಷ್ಣವಲಯದಲ್ಲೇ ಇದೆ. ಕರ್ಕಾಟಕ ವೃತ್ತ ನಮ್ಮಿಂದ ಎಷ್ಟೋ ಉತ್ತರಕ್ಕಿದೆ. ಫರಕು ಇರುವುದು ಗಾಳಿಯ ತೇವದಲ್ಲಿ. ನಮ್ಮ ಬೇಸಿಗೆ ಒಣ ಬೇಸಿಗೆ. ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈಯನ್ನು ತಣ್ಣಗೆ ಮಾಡುತ್ತದೆ. ಅದಕ್ಕೇ ಮೇ ತಿಂಗಳಲ್ಲೂ ಬೇವಿನ ಗಿಡದ ನೆರಳಿಗೆ ಬಂದರೆ ಜೀವ ತಣ್ಣಗಾಗುತ್ತದೆ. ಬ್ಯಾಂಕಾಕ್, ಕೊಲಂಬೊಗಳಲ್ಲಿ ಗಾಳಿಯೇ ನೀರು ಕುಡಿದು ತುಂಬಿರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ, ನೆರಳಿಗೆ ಹೋದರೂ ಸೆಕೆ ಬಿಡುವುದಿಲ್ಲ. 34 ಡಿಗ್ರಿಯಲ್ಲೇ ತಲೆ ತಿರುಗುವುದು, ಕಾಲು ಸೆಳೆಯುವುದು ಇದರಿಂದ.

ಮೊದಲ ಎರಡು ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ತಿರುಗಾಟ ಬೇಡ. ಓಆರ್‌ಎಸ್ ಪ್ಯಾಕೆಟ್ ನಾಲ್ಕಾರು ಬ್ಯಾಗಿನಲ್ಲಿರಲಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಮಟ್ಟವಾಗಿ ಅಳೆದು ಹಾಕಿ ಕುಡಿಯಬಹುದು. ಇಂಡಿ ನಿಂಬೆಹಣ್ಣಿನ ಉಪ್ಪು-ಸಕ್ಕರೆ ಶರಬತ್ತು ಕುಡಿದು ಹೊಲಕ್ಕೆ ಹೋಗುವವರಿಗೆ ಇದು ಹೊಸ ವಿದ್ಯೆಯೇನಲ್ಲ. ಬಿಯರ್ ಕುಡಿದರೆ ದಾಹ ಇಂಗುತ್ತದೆ ಎನ್ನುವ ಭ್ರಮೆಯಲ್ಲಿ ಮಾತ್ರ ಇರಬಾರದು, ಅದು ಇರುವ ನೀರನ್ನೂ ಹೊರಗೆ ಹಾಕುತ್ತದೆ.

ಮಳೆಗಾಲ ನೋಡಿ ತಾರೀಖು ಹಿಡಿಯಬೇಕು. ನಮ್ಮಲ್ಲಿ ಮುಂಗಾರಿ, ಹಿಂಗಾರಿ ಇದ್ದಂತೆ ಶ್ರೀಲಂಕಾದಲ್ಲೂ ಎರಡು ಮಳೆ: ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಕಡೆ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಉತ್ತರ-ಪೂರ್ವದ ಕಡೆ. ಥಾಯ್ಲೆಂಡಿನ ಪುಕೆಟ್ ಬದಿಯಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಮಳೆ, ಸಮುದ್ರವೂ ಕೆರಳಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಅಲ್ಲಿ ಒಳ್ಳೆಯ ಕಾಲ. ನಮ್ಮ ತೊಗರಿ ರಾಶಿ ನಡೆಯುವುದೂ ಅದೇ ಹೊತ್ತಿಗೆ, ಅದೊಂದು ಮನೆಯೊಳಗೇ ಬಗೆಹರಿಯಬೇಕಾದ ಜಗಳ.

ಬಾಡಿಗೆ ಸ್ಕೂಟಿ

ಪುಕೆಟ್, ಪಟ್ಟಾಯಗಳಲ್ಲಿ ಬೀದಿಗೊಂದು ಕಡೆ ಸ್ಕೂಟಿ ಬಾಡಿಗೆಗೆ ಸಿಗುತ್ತದೆ. ‘ಸಿಂದಗಿಯಿಂದ ವಿಜಯಪುರಕ್ಕೆ ದಿನಾ ಹೋಗಿ ಬರ್ತೀನಿ, ಇದೇನ್ ಮಹಾ’ ಎಂದು ಹುಡುಗ ಹತ್ತಿಬಿಡುತ್ತಾನೆ. ಬಾಡಿಗೆ ಕೊಡುವವನು ಲೈಸೆನ್ಸ್ ಕೇಳದೆ ಇರಬಹುದು. ಆದರೆ ಪೊಲೀಸರು ಕೇಳುತ್ತಾರೆ, ಅವರಿಗಿಂತ ಮುಖ್ಯವಾಗಿ ವಿಮಾ ಕಂಪನಿ ಕೇಳುತ್ತದೆ. ನಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅದನ್ನು ಕೊಡುವುದು ನಮ್ಮದೇ ವಿಜಯಪುರದ ಆರ್‌ಟಿಒ. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಅದಿಲ್ಲದೆ ಅಥವಾ ಹೆಲ್ಮೆಟ್ ಇಲ್ಲದೆ ಬಿದ್ದು ಕಾಲು ಮುರಿದುಕೊಂಡರೆ ಪ್ರವಾಸ ವಿಮೆ ಹಣ ಕೊಡುವುದಿಲ್ಲವೆಂದೇ ತಿಳಿಯಬೇಕು. ಖಾಸಗಿ ಆಸ್ಪತ್ರೆಯ ಬಿಲ್ಲು ಆಗ ಸಿಂದಗಿಯ ಅಂಗಡಿಗೆ ಬರುತ್ತದೆ.

ವಿಯೆಟ್ನಾಂನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಂತರರಾಷ್ಟ್ರೀಯ ಪರವಾನಗಿಗಳಲ್ಲಿ 1949ರ ಜಿನೀವಾ ಒಪ್ಪಂದದ್ದು, 1968ರ ವಿಯೆನ್ನಾ ಒಪ್ಪಂದದ್ದು ಎಂದು ಎರಡು ಬಗೆ. ಭಾರತ ಕೊಡುವುದು ಮೊದಲನೆಯದು, ವಿಯೆಟ್ನಾಂ ಒಪ್ಪುವುದು ಎರಡನೆಯದು. ಅಂದರೆ ಆರ್‌ಟಿಒದಿಂದ ಕಾಗದ ತಂದರೂ ಅಲ್ಲಿ ನಡೆಯುವುದಿಲ್ಲ. ಮೇಲಾಗಿ ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಆ ದೇಶದಲ್ಲಿ ಬಾಡಿಗೆ ಗಾಡಿಯ ಆಸೆಯನ್ನೇ ಬಿಟ್ಟು ಆ್ಯಪ್ ಟ್ಯಾಕ್ಸಿ ಹಿಡಿಯುವುದು ಲೇಸು.

ಬಾಡಿಗೆಯವನು ‘ಪಾಸ್‌ಪೋರ್ಟ್ ಇಟ್ಟು ಹೋಗು’ ಎನ್ನುತ್ತಾನೆ. ಇಡಬಾರದು. ನಮ್ಮ ಕಡೆ ಬಂಗಾರ ಒತ್ತೆ ಇಟ್ಟಂತೆ ಪಾಸ್‌ಪೋರ್ಟ್ ಇಟ್ಟರೆ, ವಾಪಸ್ ಕೊಡುವಾಗ ಗಾಡಿಯ ಹಳೇ ಗೀರು ತೋರಿಸಿ ಕೇಳಿದಷ್ಟು ಕೊಡಬೇಕಾಗುತ್ತದೆ. ಪಾಸ್‌ಪೋರ್ಟ್ ಇಲ್ಲದೆ ವಿಮಾನ ಇಲ್ಲ ಎಂಬುದು ಅವನಿಗೂ ಗೊತ್ತು. ಬೇಕಾದರೆ ಝೆರಾಕ್ಸ್ ಪ್ರತಿ, ಸ್ವಲ್ಪ ಠೇವಣಿ ಕೊಡಬಹುದು. ಪಟ್ಟಾಯದ ಬೀಚಿನ ಜೆಟ್-ಸ್ಕೀಗೂ ಇದೇ ಮಾತು. ಹತ್ತುವ ಮೊದಲು ಎಲ್ಲ ಕಡೆಯಿಂದ ವಿಡಿಯೊ ಮಾಡಿಕೊಳ್ಳಬೇಕು. ಜಗಳ ಬಿದ್ದರೆ ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸ್‌ಗೆ 1669.

ಬ್ಯಾಂಕಾಕಿನ ಅರಮನೆ ಹತ್ತಿರ ‘ಇವತ್ತು ಅರಮನೆ ಬಂದ್ ಐತಿ, ಬೇರೆ ಗುಡಿ ತೋರಸ್ತೀನಿ’ ಎನ್ನುವ ಧಾಟಿಯಲ್ಲಿ ಮಾತಾಡುವ ಟುಕ್-ಟುಕ್‌ನವರು ಸಿಕ್ಕರೆ ಅದು ಹರಳಿನ ಅಂಗಡಿಗೆ ಕರೆದೊಯ್ಯುವ ಹಳೇ ಆಟ. ಅರಮನೆ ತೆರೆದೇ ಇರುತ್ತದೆ, ಬಾಗಿಲವರೆಗೆ ನಡೆದು ಹೋಗಿ ನೋಡಬೇಕು.

ಬಾವಿಯ ಈಸು ಸಮುದ್ರಕ್ಕೆ ಸಾಲದು

ನಮ್ಮ ಹುಡುಗರು ಈಸು ಕಲಿಯುವುದು ಹೊಲದ ಬಾವಿಯಲ್ಲಿ, ಕಾಲುವೆಯಲ್ಲಿ, ಭೀಮಾ ನದಿಯಲ್ಲಿ. ಬಾವಿಯ ನೀರು ನಿಂತ ನೀರು. ಕಾಲುವೆ, ನದಿ ಒಂದೇ ದಿಕ್ಕಿಗೆ ಹರಿಯುತ್ತವೆ. ಸಮುದ್ರ ಹಾಗಲ್ಲ. ದಡಕ್ಕೆ ಬಂದ ಅಲೆಗಳ ನೀರು ಒಂದು ಇಕ್ಕಟ್ಟಾದ ದಾರಿ ಮಾಡಿಕೊಂಡು ಜೋರಾಗಿ ಒಳಕ್ಕೆ ಮರಳುತ್ತದೆ. ನೋಡಲು ಆ ಜಾಗದಲ್ಲಿ ಅಲೆ ಕಡಿಮೆ, ನೀರು ಶಾಂತ. ‘ಇಲ್ಲಿ ಚಲೋ ಐತಿ’ ಎಂದು ಇಳಿಯುವುದು ಅಲ್ಲೇ. ಅದು ಸೊಂಟದ ನೀರಿನಲ್ಲಿ ನಿಂತವನನ್ನೂ ಎಳೆದುಕೊಂಡು ಹೋಗುತ್ತದೆ. ಗಟ್ಟಿ ಈಸುಗಾರನೂ ದಡದ ಕಡೆ ನೇರ ಈಸಿ ಈಸಿ ದಣಿದು ಮುಳುಗುತ್ತಾನೆ.

ಎಳೆತಕ್ಕೆ ಸಿಕ್ಕರೆ ಅದರ ಎದುರು ಹೊಡೆದಾಡಬಾರದು. ತೇಲುತ್ತ ಇದ್ದು, ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಸಿ, ಎಳೆತ ನಿಂತ ಮೇಲೆ ದಡಕ್ಕೆ ತಿರುಗಬೇಕು. ಆಗದಿದ್ದರೆ ಕೈ ಎತ್ತಿ ಬೀಸುತ್ತ ತೇಲಬೇಕು. ಈ ಎಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಎಳೆಯುತ್ತದೆ. ಕೆಂಪು ಬಾವುಟ ಹಾರಿಸಿದ ಕಡೆ ಇಳಿಯಲೇಬಾರದು. ಕುಡಿದು ಇಳಿಯುವುದು, ರಾತ್ರಿ ಇಳಿಯುವುದು ಎರಡೂ ಬೇಡ. ಈಸು ಬಾರದ ಗೆಳೆಯನನ್ನು ‘ಬಾರಲೇ, ಹಿಡೀತೀನಿ’ ಎಂದು ಕರೆಯುವುದಂತೂ ಬೇಡವೇ ಬೇಡ. ಇದನ್ನು ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುವವರೂ ನೆನಪಿಟ್ಟುಕೊಂಡರೆ ಆದೀತು.

ಕಿಸೆ ಮತ್ತು ಬುತ್ತಿ

ಕಿಸೆಯಲ್ಲಿ ತಂಬಾಕು-ಸುಣ್ಣದ ಡಬ್ಬಿ, ಗುಟ್ಕಾ ಚೀಟಿ ಇದೆಯೇ ಎಂದು ಮನೆಯಲ್ಲೇ ತೆಗೆದು ನೋಡಬೇಕು. ಸಿಂಗಪುರದಲ್ಲಿ ಜಗಿಯುವ ತಂಬಾಕು ಒಯ್ಯುವುದೇ ಅಪರಾಧ. ಶ್ರೀಲಂಕಾ ಕೂಡ ಹೊಗೆರಹಿತ ತಂಬಾಕನ್ನು ನಿಷೇಧಿಸಿದೆ. ಥಾಯ್ಲೆಂಡಿನಲ್ಲಿ ವೇಪ್ ಅಂದರೆ ಇ-ಸಿಗರೇಟ್ ನಿಷಿದ್ಧ. ಇನ್ನೊಂದು ಯಾರೂ ನೆನೆಸದ ವಸ್ತು ಗಸಗಸೆ. ಸಿಂಗಪುರ ಮತ್ತು ದುಬೈ ಇರುವ ಯುಎಇಯಲ್ಲಿ ಗಸಗಸೆ ಮಾದಕವಸ್ತುವಿನ ಪಟ್ಟಿಯಲ್ಲಿದೆ. ಅವ್ವ ಪ್ರೀತಿಯಿಂದ ಮಾಡಿಕೊಟ್ಟ ಮಸಾಲೆಯಲ್ಲಿ ಅದಿದ್ದರೆ ಆ ದಾರಿಯ ವಿಮಾನಕ್ಕೆ ಬೇಡ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಿದರೆ ಬ್ಯಾಗ್ ತೆಗೆಸುತ್ತಾರೆ.

ಸಸ್ಯಾಹಾರಿಗಳಿಗೆ ಥಾಯ್ಲೆಂಡ್ ಸ್ವಲ್ಪ ಕಷ್ಟ. ತರಕಾರಿ ಪಲ್ಯೆ ಎಂದುಕೊಂಡದ್ದಕ್ಕೂ ‘ನಾಮ್ ಪ್ಲಾ’ ಎಂಬ ಮೀನಿನ ಸಾರ ಹಾಕಿರುತ್ತಾರೆ. ‘ಜೇ’ ಎಂದು ಕೇಳಿದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲದ ಊಟ; ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ಅಂಗಡಿ ಹುಡುಕಬೇಕು. ವಿಯೆಟ್ನಾಂನಲ್ಲಿ ಆ ಶಬ್ದ ‘ಚಾಯ್’. ಉಳಿದದ್ದಕ್ಕೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇವೆ. ವಾರ ಇಟ್ಟರೂ ಕೆಡದ ಬುತ್ತಿ ಮಾಡುವುದರಲ್ಲಿ ಈ ಜಿಲ್ಲೆಯ ಹೆಣ್ಣುಮಕ್ಕಳನ್ನು ಮೀರಿಸಿದವರಿಲ್ಲ.

ಗುಡಿಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. ಶ್ರೀಲಂಕಾದಲ್ಲಿ ಬುದ್ಧನ ಮೂರ್ತಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವುದು ಅವಮಾನ. ಥಾಯ್ಲೆಂಡಿನಲ್ಲಿ ರಾಜಮನೆತನವನ್ನು ಹೀಗಳೆದರೆ 3ರಿಂದ 15 ವರ್ಷ ಜೈಲು. ನೋಟಿನ ಮೇಲೆ ರಾಜನ ಚಿತ್ರ ಇರುವುದರಿಂದ ಕೆಳಗೆ ಬಿದ್ದ ನೋಟನ್ನು ಕಾಲಲ್ಲಿ ಒತ್ತುವುದೂ ಬೇಡ. ಇನ್‌ಸ್ಟಾಗ್ರಾಂ ಚೇಷ್ಟೆಗೆ ಇಂಥ ಜಾಗ ಆರಿಸಿಕೊಳ್ಳಬಾರದು.

‘ಟಿಕೆಟ್ ನಾ ಕೊಡಸ್ತೀನಿ, ಒಂದು ಬ್ಯಾಗ್ ತಂದು ಕೊಡು’

ಇಷ್ಟು ಹೊತ್ತು ಹೇಳಿದ್ದೆಲ್ಲ ತಪ್ಪಿದರೆ ದುಡ್ಡು ಹೋದೀತು, ಕೈಕಾಲು ಮುರಿದೀತು. ಮುಂದಿನ ಎರಡು ತಪ್ಪಿದರೆ ವರ್ಷಗಳೇ ಹೋಗುತ್ತವೆ.

ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆಯಿತು. ಬೀದಿಬೀದಿಗೆ ಅಂಗಡಿಗಳಾದವು. 2025ರ ಜೂನ್‌ನಲ್ಲಿ ಮತ್ತೆ ಬಿಗಿ ಮಾಡಿ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ಈ ನಡುವೆ, ಮಣ್ಣಿಲ್ಲದೆ ಬೆಳೆಸಿದ ‘ಹೈಡ್ರೊ’ ಗಾಂಜಾವನ್ನು ಬ್ಯಾಂಕಾಕ್‌ನಿಂದ ಭಾರತಕ್ಕೆ ತರುವ ಜಾಲ ಬೆಳೆಯಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್ ವಿಮಾನದಿಂದ ಇಳಿದವರ ಬ್ಯಾಗುಗಳಲ್ಲಿ ಇದು ಮತ್ತೆ ಮತ್ತೆ ಸಿಕ್ಕಿದೆ. ಚಾಕೊಲೇಟ್ ಡಬ್ಬಿ, ತಿಂಡಿ ಪೊಟ್ಟಣದೊಳಗೆ ಬಚ್ಚಿಟ್ಟು ತರುತ್ತಾರೆ. ಜಾಲಕ್ಕೆ ಬೇಕಾಗುವುದು ಹಿಂದೆ ಯಾವ ಕೇಸೂ ಇಲ್ಲದ ಹೊಸ ಪಾಸ್‌ಪೋರ್ಟ್‌ನ ಹುಡುಗರು. ಬಿಟ್ಟಿ ಟಿಕೆಟ್, ಹೋಟೆಲ್, ಮೇಲೆ ಕೈಖರ್ಚು. ಬದಲಿಗೆ ‘ಬರೇ ಒಂದು ಬ್ಯಾಗ್’.

ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಒಂದು ಕಿಲೊ ದಾಟಿದರೆ 10 ವರ್ಷದವರೆಗೆ, 20 ಕಿಲೊ ದಾಟಿದರೆ 10ರಿಂದ 20 ವರ್ಷದವರೆಗೆ ಜೈಲು. ಜಾಮೀನೂ ಸುಲಭವಲ್ಲ. ‘ಒಳಗೇನಿತ್ತು ನನಗ ಗೊತ್ತಿರಲಿಲ್ರಿ’ ಎನ್ನುವುದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವ ಭಾರ ಬ್ಯಾಗ್ ಹಿಡಿದವನ ಮೇಲೇ ಬೀಳುತ್ತದೆ. ಹಾಗಾಗಿ ಡೀಲರ್ ಟೂರಿನಲ್ಲಿ ಪರಿಚಯವಾದ ಯಾರೇ ಇರಲಿ, ‘ನನ್ನ ಲಗೇಜ್ ಜಾಸ್ತಿ ಆಗೇತಿ, ಇದೊಂದು ನಿನ್ನ ಬ್ಯಾಗಿನಾಗ ಇಟ್ಕೊ’ ಎಂದರೆ ಮುಖ ನೋಡದೆ ಇಲ್ಲ ಎನ್ನಬೇಕು. ತಾನೇ ತುಂಬಿದ, ತಾನೇ ಬೀಗ ಹಾಕಿದ ಬ್ಯಾಗ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬಾರದು.

ಎರಡನೆಯದು ಕೆಲಸದ ಆಮಿಷ. ‘ಡೇಟಾ ಎಂಟ್ರಿ’, ‘ಡಿಜಿಟಲ್ ಮಾರ್ಕೆಟಿಂಗ್’ ಎಂದು ಟೆಲಿಗ್ರಾಂನಲ್ಲಿ ಬರುವ ಜಾಹೀರಾತು. ಸಂಬಳ ಡಾಲರ್‌ನಲ್ಲಿ, ಇಂಗ್ಲಿಷ್ ಅಷ್ಟಕ್ಕಷ್ಟೇ ಬಂದರೂ ಆದೀತು, ಪ್ರವಾಸಿಯಾಗಿ ಬಂದುಬಿಡಿ, ವೀಸಾ ಆಮೇಲೆ ಮಾಡಿಸುತ್ತೇವೆ ಎನ್ನುತ್ತಾರೆ. ಬ್ಯಾಂಕಾಕ್‌ನಲ್ಲಿ ಇಳಿದವರನ್ನು ಕಾರಿನಲ್ಲಿ ವಾಯವ್ಯದ ಗಡಿ ಊರು ಮೇ ಸೋಟ್‌ಗೆ ಒಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಾಡಿ ಭಾಗಕ್ಕೆ ಸೇರಿಸುತ್ತಾರೆ. ಅಲ್ಲಿ ಕಾಂಪೌಂಡ್ ಒಳಗೆ ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ಮೋಸದ ಕೆಲಸಕ್ಕೆ ಕೂರಿಸುತ್ತಾರೆ. ನಮ್ಮ ಅಂಗಡಿಯವರಿಗೆ ಬರುವ ‘ಡಿಜಿಟಲ್ ಅರೆಸ್ಟ್’, ಷೇರು ಹೂಡಿಕೆ ಮೋಸದ ಕರೆಗಳ ಹಿಂದೆ ಇಂಥ ಕೇಂದ್ರಗಳೂ ಇವೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಎರಡೇ ದಿನದಲ್ಲಿ 549 ಜನರನ್ನು ಮೇ ಸೋಟ್‌ನಿಂದ ವಾಪಸ್ ಕರೆತಂದಿತು. ಆ ವರ್ಷದ ನವೆಂಬರ್‌ನಲ್ಲಿ ಮತ್ತೆ ವಿಮಾನ ಕಳಿಸಬೇಕಾಯಿತು.

ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವುದು ಥಾಯ್ಲೆಂಡಿನಲ್ಲಿ ಕಾನೂನುಬಾಹಿರ. ವಿದೇಶಿ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ತಾಣದಲ್ಲಿ ನೋಂದಣಿಯಾಗಿದ್ದಾನೆಯೇ ಎಂದು ಯಾರು ಬೇಕಾದರೂ ನೋಡಬಹುದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಬರುತ್ತದೆ. ಅಂಥವರು ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾ, ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು, ಪ್ರವಾಸಕ್ಕೆ ಬೇಡ. ಏಜೆಂಟರು ‘ಪ್ರವಾಸಕ್ಕೆ ಎಂದು ಹೇಳು’ ಎಂದು ಕಲಿಸಿಕೊಡುವುದು ಇದೇ ಕಾರಣಕ್ಕೆ. ಸಿಕ್ಕಿಬಿದ್ದವರ ಮನೆಯವರು ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಬಹುದು. ಆ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಯನ್ನು ಹೊರಡುವ ಮುನ್ನವೇ ಬರೆದು ಅಪ್ಪನ ಅಂಗಡಿಯ ಗಲ್ಲೆಯಲ್ಲಿ ಇಡಬೇಕು. ಪಾಸ್‌ಪೋರ್ಟ್, ಟಿಕೆಟ್, ಹೋಟೆಲ್ ವಿಳಾಸ, ವಿಮಾ ಪಾಲಿಸಿಯ ಪ್ರತಿಗಳೂ ಮನೆಯಲ್ಲಿರಬೇಕು.

ವಾಪಸ್ ಬಂದ ಮೇಲೆ

ಬಂಗಾರ ಅಗ್ಗ ಸಿಗುತ್ತದೆ ಎಂದು ಚೈನು ಕೊಳ್ಳಲು ಹೇಳಿ ಕಳಿಸುವವರಿದ್ದಾರೆ. ಸುಂಕವಿಲ್ಲದೆ ಆಭರಣ ತರುವ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದು ಬಂದವರಿಗೆ. ಐದು ದಿನದ ಟೂರಿಗೆ ಹೋದವನಿಗೆ ಇಲ್ಲ.

ಬಂದ ಎರಡು ವಾರದೊಳಗೆ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಹೋಗಿ ಬಂದ ದೇಶದ ಹೆಸರು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ರಾತ್ರಿ ಪರದೆ ಕಟ್ಟಿಕೊಂಡು ಮಲಗಿದ್ದೆ ಎಂದರೆ ಸಾಲದು. ಹಗಲಲ್ಲೂ ಸೊಳ್ಳೆ ಮುಲಾಮು ಹಚ್ಚಿಕೊಳ್ಳಬೇಕಿತ್ತು. ಡೆಂಗಿ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಗುಳಿಗೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಔಷಧ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವ ಬದಲು ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು, ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು.